ಜಪಾನಿನ ದ್ವೀಪಕ್ಕೆ ಹೋಗುತ್ತೀರಾ? ಕೊನೆಯ ಫೆರಿಯಿಂದ ಲೆಕ್ಕ ಶುರು ಮಾಡಿ

ಟೋಕಿಯೊ, ಕ್ಯೋಟೊ, ಒಸಾಕಾ ಸುತ್ತಿದವರು ಸಾಮಾನ್ಯವಾಗಿ ಖುಷಿಯಾಗಿಯೇ ವಾಪಸ್ ಬರುತ್ತಾರೆ. ಅದೇ ಪ್ರವಾಸದಲ್ಲಿ ಒಂದು ದ್ವೀಪವನ್ನೂ ಸೇರಿಸಿಕೊಂಡವರ ಮಾತು ಬೇರೆ. "ಫೆರಿ ತಪ್ಪಿತು." "ಮ್ಯೂಸಿಯಂ ಮುಚ್ಚಿತ್ತು." "ಸೂಟ್‌ಕೇಸ್ ಎಳೆದೂ ಎಳೆದೂ ಸಾಕಾಯಿತು." "ಅಮ್ಮನಿಗೆ ತಿನ್ನೋಕೆ ಏನೂ ಸಿಗಲಿಲ್ಲ." ಈ ನಾಲ್ಕು ಮಾತನ್ನು ಬೇರೆ ಬೇರೆಯವರ ಬಾಯಲ್ಲಿ ಮತ್ತೆ ಮತ್ತೆ ಕೇಳಿದ ಮೇಲೆ ಇದನ್ನು ಬರೆಯಲು ಕೂತೆ.

ನಾಲ್ಕಕ್ಕೂ ಕಾರಣ ಒಂದೇ. ನಾವು ದಿನವನ್ನು ಬೆಳಿಗ್ಗೆಯಿಂದ ಪ್ಲಾನ್ ಮಾಡುತ್ತೇವೆ. "ಎಂಟಕ್ಕೆ ಹೊರಡೋಣ, ಆಮೇಲೆ ನೋಡೋಣ" ಅಂತ. ನಗರದಲ್ಲಿ ಅದು ನಡೆಯುತ್ತದೆ. ಒಂದು ರೈಲು ಹೋದರೆ ಐದು ನಿಮಿಷದಲ್ಲಿ ಇನ್ನೊಂದು ಬರುತ್ತದೆ. ದ್ವೀಪದಲ್ಲಿ ಒಂದು ಫೆರಿ ಹೋದರೆ ಎರಡು ಗಂಟೆ ಕಾಯಬೇಕಾಗಬಹುದು. ಸಂಜೆ ಆಗಿದ್ದರೆ ಬೆಳಿಗ್ಗೆವರೆಗೂ ಕಾಯಬೇಕು. ಹಾಗಾಗಿ ಅಲ್ಲಿ ದಿನವನ್ನು ಸಂಜೆಯಿಂದ ಹಿಂದಕ್ಕೆ ಕಟ್ಟಬೇಕು.

ಉದಾಹರಣೆಗೆ ಎರಡು ದ್ವೀಪ ತೆಗೆದುಕೊಂಡಿದ್ದೇನೆ. ಹಿರೋಶಿಮಾ ಪಕ್ಕದ ಮಿಯಾಜಿಮಾ ಸುಲಭದ್ದು. ಕಲೆಗೆ ಹೆಸರಾದ ನಾವೋಶಿಮಾ ಸ್ವಲ್ಪ ಕಷ್ಟದ್ದು. ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಜನ ಮೊದಲು ಹೋಟೆಲ್ ಬುಕ್ ಮಾಡಿ ಆಮೇಲೆ ಫೆರಿ ನೋಡುತ್ತಾರೆ. ಅರ್ಧ ತೊಂದರೆ ಅಲ್ಲೇ ಶುರುವಾಗುತ್ತದೆ.

ಕೈಯಲ್ಲಿ ಏನಿರಬೇಕು

ಇಂಟರ್ನೆಟ್ ಇರುವ ಫೋನ್, ಪವರ್ ಬ್ಯಾಂಕ್, ಒಂದು ದಿನಕ್ಕೆ ಸಾಲುವ ಬೆನ್ನಿನ ಚೀಲ, ಟ್ಯಾಪ್ ಮಾಡುವ ಪ್ರಯಾಣದ ಕಾರ್ಡ್, ತಲೆಗೆ ಕನಿಷ್ಠ 10,000 ಯೆನ್ ನಗದು. ಜೊತೆಗೆ ಕಸ ಹಾಕಲು ಒಂದು ಪ್ಲಾಸ್ಟಿಕ್ ಚೀಲ. ಇದನ್ನು ಮರೆಯಬೇಡಿ. ಜಪಾನಿನ ರಸ್ತೆಗಳಲ್ಲಿ ಕಸದ ಬುಟ್ಟಿ ಸಿಗುವುದೇ ಕಷ್ಟ. 1995ರಲ್ಲಿ ಟೋಕಿಯೊ ಸಬ್‌ವೇಯಲ್ಲಿ ಸಾರಿನ್ ವಿಷಾನಿಲದ ದಾಳಿ ಆದ ಮೇಲೆ ಎಷ್ಟೋ ಬುಟ್ಟಿಗಳನ್ನು ತೆಗೆದುಬಿಟ್ಟರು. ನಿಮ್ಮ ಕಸ ಸಂಜೆವರೆಗೂ ನಿಮ್ಮ ಚೀಲದಲ್ಲೇ ಇರುತ್ತದೆ.

ನಗದು ಬೇಕಾದಾಗ ಸೆವೆನ್-ಇಲೆವೆನ್ ಅಂಗಡಿಯೊಳಗಿನ ಎಟಿಎಂ ಹುಡುಕಿ. ಹೊರದೇಶದ ಕಾರ್ಡ್ ಅಲ್ಲಿ ನಡೆಯುತ್ತದೆ. ಹೊರಡುವ ಮುಂಚೆ ನಿಮ್ಮ ಬ್ಯಾಂಕಿನ ಆ್ಯಪ್‌ನಲ್ಲಿ ಅಂತರರಾಷ್ಟ್ರೀಯ ಬಳಕೆ ಆನ್ ಮಾಡಿಕೊಳ್ಳಿ.

ಹಂತ 1: ದ್ವೀಪ ಆರಿಸಿ, ವಾರ ನೋಡಿ

ಭೂಪಟದಲ್ಲಿ ಹತ್ತಿರ ಕಂಡದ್ದೆಲ್ಲ ಹತ್ತಿರ ಇರುವುದಿಲ್ಲ. ಒಗಾಸವಾರಾ ದ್ವೀಪಗಳು ಆಡಳಿತದ ಲೆಕ್ಕದಲ್ಲಿ ಟೋಕಿಯೊಗೇ ಸೇರಿವೆ. ಆದರೆ ಅವು ಸುಮಾರು 1,000 ಕಿಲೋಮೀಟರ್ ದಕ್ಷಿಣಕ್ಕಿವೆ. ವಿಮಾನ ನಿಲ್ದಾಣವೇ ಇಲ್ಲ, ಹಡಗಿನಲ್ಲಿ 24 ಗಂಟೆ. ಒಂದು ವಾರದ ಪ್ರವಾಸದಲ್ಲಿ ಅದಕ್ಕೆ ಸಮಯ ಸಾಲುವುದಿಲ್ಲ.

ಮಿಯಾಜಿಮಾ ಹಾಗಲ್ಲ. ಹಿರೋಶಿಮಾ ಸ್ಟೇಷನ್‌ನಿಂದ ಜೆಆರ್ (ಜಪಾನ್ ರೈಲ್ವೇಸ್) ರೈಲಿನಲ್ಲಿ ಮಿಯಾಜಿಮಾಗುಚಿಗೆ ಅರ್ಧ ಗಂಟೆಯೊಳಗೆ ತಲುಪುತ್ತೀರಿ. ಅಲ್ಲಿಂದ ಫೆರಿ 10 ನಿಮಿಷ. ಹಗಲಲ್ಲಿ ಫೆರಿಗಳು ಒಂದರ ಹಿಂದೆ ಒಂದು ಇರುತ್ತವೆ. ವಯಸ್ಸಾದವರು, ಮಕ್ಕಳು ಜೊತೆಗಿದ್ದರೆ, ಇದು ನಿಮ್ಮ ಮೊದಲ ದ್ವೀಪ ಆಗಿದ್ದರೆ, ಸುಮ್ನೆ ಮಿಯಾಜಿಮಾ ಆರಿಸಿ.

ನಾವೋಶಿಮಾಗೆ ಎರಡು ದಾರಿ. ಒಕಾಯಾಮಾ ಕಡೆಯ ಊನೋ ಬಂದರಿನಿಂದ ಫೆರಿ 20 ನಿಮಿಷ. ಶಿಕೋಕು ದ್ವೀಪದ ತಕಮಾತ್ಸು ನಗರದಿಂದ 50 ನಿಮಿಷ. ಹೋಗುವ ಮೊದಲು ವಾರ ನೋಡಿ. ಇಲ್ಲಿನ ಹೆಚ್ಚಿನ ಮ್ಯೂಸಿಯಂಗಳು ಸೋಮವಾರ ಮುಚ್ಚಿರುತ್ತವೆ. ಸೋಮವಾರ ಸರ್ಕಾರಿ ರಜೆ ಬಂದರೆ ಅವತ್ತು ತೆರೆದು ಮರುದಿನ ಮುಚ್ಚುತ್ತವೆ. ಎಷ್ಟೋ ಊಟದಂಗಡಿಗಳೂ ಅವುಗಳ ಜೊತೆಗೇ ರಜಾ ಹಾಕುತ್ತವೆ. ನಾನು ಮೊದಲ ಸಲ ಹೋದದ್ದು ಒಂದು ಸೋಮವಾರ. ಬಂದರಿನಲ್ಲಿರುವ ಕೆಂಪು ಕುಂಬಳಕಾಯಿಯ ಶಿಲ್ಪ ನೋಡಿ, ಸಮುದ್ರದ ದಂಡೆಯಲ್ಲಿ ಕೂತು ವಾಪಸ್ ಬಂದೆ. ಅಷ್ಟು ದೂರ ಹೋಗಿ ಬಾಗಿಲು ಮುಚ್ಚಿದ್ದು ನೋಡುವುದು ಎಷ್ಟು ಬೇಜಾರು ಅಂತ ಗೊತ್ತಾಗಿದ್ದರಿಂದಲೇ ಇದನ್ನು ಮೊದಲ ಹಂತದಲ್ಲೇ ಬರೆಯುತ್ತಿದ್ದೇನೆ.

ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರದ ಗೋಲ್ಡನ್ ವೀಕ್, ಆಗಸ್ಟ್ ನಡುವಿನ ಒಬೋನ್, ಹೊಸ ವರ್ಷದ ರಜೆ, ಈ ಮೂರನ್ನೂ ತಪ್ಪಿಸಿ. ಇಡೀ ಜಪಾನ್ ಆಗಲೇ ಊರಿಗೆ ಹೊರಟಿರುತ್ತದೆ.

ಹಂತ 2: ಕೊನೆಯ ಫೆರಿಯಿಂದ ಹಿಂದಕ್ಕೆ ಬನ್ನಿ

ಈ ಹಂತಕ್ಕೆ ಒಂದು ಸಂಜೆ ಮೀಸಲಿಡಿ. ಕಾಗದ, ಪೆನ್ನು ತೆಗೆದುಕೊಳ್ಳಿ. ಎಲ್ಲಕ್ಕಿಂತ ಕೆಳಗೆ, ನೀವು ಅವತ್ತು ರಾತ್ರಿ ಮಲಗುವ ಊರು ಬರೆಯಿರಿ. ಅದರ ಮೇಲೆ ಆ ಊರಿಗೆ ಕೊನೆಯ ರೈಲು. ಅದರ ಮೇಲೆ ಆ ರೈಲು ಹಿಡಿಯಲು ಬೇಕಾದ ಫೆರಿ. ಹೀಗೆ ಕೆಳಗಿನಿಂದ ಮೇಲಕ್ಕೆ ಬೆಳಿಗ್ಗೆವರೆಗೂ ಹತ್ತಿಕೊಂಡು ಹೋಗಿ.

ನಾವೋಶಿಮಾವನ್ನೇ ನೋಡೋಣ. ಅಲ್ಲಿನ ಮಿಯಾನೌರಾ ಬಂದರಿನಿಂದ ತಕಮಾತ್ಸು ಕಡೆಗೆ ಹೋಗುವ ದೊಡ್ಡ ಫೆರಿಗಳು ಸಂಜೆ 5ರ ಹೊತ್ತಿಗೆ ಮುಗಿಯುತ್ತವೆ. ಊನೋ ಕಡೆಗೆ ಮಾತ್ರ ಸಾಮಾನ್ಯವಾಗಿ ರಾತ್ರಿ 8ರ ಆಸುಪಾಸಿನವರೆಗೂ ಸಿಗುತ್ತವೆ. ನೀವು ತಕಮಾತ್ಸುವಿನಲ್ಲಿ ಮಲಗುವವರು ಅಂತ ಇಟ್ಟುಕೊಳ್ಳಿ. 5ಕ್ಕೆ ಫೆರಿ ಅಂದರೆ 4:30ಕ್ಕೆ ಬಂದರಿನಲ್ಲಿರಬೇಕು. ಸೈಕಲ್ ಬಾಡಿಗೆಗೆ ತೆಗೆದುಕೊಂಡಿದ್ದರೆ ವಾಪಸ್ ಕೊಡಲು 15 ನಿಮಿಷ. ಅಂದರೆ 4:15. ಗುಡ್ಡದ ಮೇಲಿನ ಮ್ಯೂಸಿಯಂನಿಂದ ಬಂದರಿಗೆ ಇಳಿಯಲು ಅರ್ಧ ಗಂಟೆ. ಅಲ್ಲಿಗೆ 3:45. ಮ್ಯೂಸಿಯಂ ಒಳಗೆ ಒಂದೂವರೆ ಗಂಟೆ ಬೇಕು ಅಂದರೆ ನಿಮ್ಮ ಟಿಕೆಟ್ 2:15ಕ್ಕಿಂತ ತಡವಾದದ್ದು ಆಗಿರಬಾರದು.

ಈ ಲೆಕ್ಕ ಮಾಡದವರು 3:30ರ ಟಿಕೆಟ್ ಬುಕ್ ಮಾಡಿರುತ್ತಾರೆ. ಆಮೇಲೆ ಇಳಿಜಾರಿನಲ್ಲಿ ಓಡಿಕೊಂಡು ಬರುತ್ತಾರೆ. ಜಪಾನಿನಲ್ಲಿ ಫೆರಿ ನಿಮಗಾಗಿ ಒಂದು ನಿಮಿಷವೂ ಕಾಯುವುದಿಲ್ಲ. ಹಿಂದಿನ ಸಿಗಂದೂರು ಲಾಂಚಿನ ಹಾಗೆ ಕೈ ಬೀಸಿ ಕರೆದರೆ ನಿಲ್ಲಬಹುದು ಅಂತ ಅಂದುಕೊಳ್ಳಬೇಡಿ.

ಟಿಕೆಟ್ ಅಂದೆನಲ್ಲ. ವಾಸ್ತುಶಿಲ್ಪಿ ತಾಡಾವೊ ಆಂಡೊ ಕಟ್ಟಿದ ಚಿಚು ಮ್ಯೂಸಿಯಂಗೆ (2004ರಲ್ಲಿ ತೆರೆದದ್ದು, ಫ್ರೆಂಚ್ ಚಿತ್ರಕಾರ ಮೋನೆಯ ನೈದಿಲೆ ಚಿತ್ರಗಳು ಇರುವುದು ಇಲ್ಲೇ) ಸಮಯ ಹಾಕಿದ ಟಿಕೆಟ್ ಮೊದಲೇ ಆನ್‌ಲೈನ್‌ನಲ್ಲಿ ತೆಗೆದುಕೊಳ್ಳಬೇಕು. ಬಾಗಿಲಿಗೆ ಹೋಗಿ ನಿಂತರೆ ಸಿಗುತ್ತದೆ ಅನ್ನುವ ನಂಬಿಕೆ ಬೇಡ. ಹಾಗಾಗಿ ಕ್ರಮ ಹೀಗಿರಲಿ: ಮೊದಲು ಫೆರಿಯ ವೇಳಾಪಟ್ಟಿ, ಆಮೇಲೆ ಮ್ಯೂಸಿಯಂ ಟಿಕೆಟ್, ಕೊನೆಗೆ ಹೋಟೆಲ್.

ಹೋಟೆಲ್ ಎಲ್ಲಿ? ನನ್ನನ್ನು ಕೇಳಿದರೆ ಹಿಂದಿನ ರಾತ್ರಿ ಒಕಾಯಾಮಾ ಅಥವಾ ತಕಮಾತ್ಸು. ಕ್ಯೋಟೊದಿಂದ ಒಕಾಯಾಮಾಗೆ ಶಿಂಕಾನ್ಸೆನ್‌ನಲ್ಲಿ (ಬುಲೆಟ್ ರೈಲಿನಲ್ಲಿ) ಒಂದು ಗಂಟೆ. ಅಲ್ಲಿಂದ ಊನೋಗೆ ಇನ್ನೊಂದು ಗಂಟೆ, ಹೆಚ್ಚಿನ ಸಲ ಚಾಯಾಮಾಚಿಯಲ್ಲಿ ರೈಲು ಬದಲಿಸಬೇಕು. ಫೆರಿ, ಕಾಯುವುದು ಎಲ್ಲ ಸೇರಿದರೆ ಒಂದು ಕಡೆಗೇ ಮೂರು ಗಂಟೆ. ಕ್ಯೋಟೊದಿಂದ ಒಂದೇ ದಿನದಲ್ಲಿ ಹೋಗಿ ಬರಬಹುದು, ನಿಜ. ಆದರೆ ನೋಡುವುದಕ್ಕಿಂತ ಕೂರುವುದೇ ಜಾಸ್ತಿ ಆಗುತ್ತದೆ.

ಮಿಯಾಜಿಮಾದಲ್ಲಿ ಫೆರಿಯ ಜೊತೆ ಸಮುದ್ರದ ನೀರಿನ ಲೆಕ್ಕವೂ ಬೇಕು. ಇತ್ಸುಕುಶಿಮಾ ದೇಗುಲದ ಕೆಂಪು ಮಹಾದ್ವಾರ ನೀರಿನಲ್ಲಿ ತೇಲುವ ಹಾಗೆ ಕಾಣಬೇಕೆಂದರೆ ಉಬ್ಬರ 250 ಸೆಂಟಿಮೀಟರ್‌ಗಿಂತ ಮೇಲಿರಬೇಕು. ಅದರ ಬುಡದವರೆಗೂ ನಡೆದು ಹೋಗಬೇಕೆಂದರೆ 100 ಸೆಂಟಿಮೀಟರ್‌ಗಿಂತ ಕೆಳಗಿರಬೇಕು. ಉಬ್ಬರಕ್ಕೂ ಇಳಿತಕ್ಕೂ ನಡುವೆ ಸುಮಾರು ಆರು ಗಂಟೆ. ದಿನದ ಪಟ್ಟಿ ಮೊದಲೇ ಪ್ರಕಟವಾಗಿರುತ್ತದೆ, ಅದನ್ನು ನೋಡಿಯೇ ದಿನ ಆರಿಸಿ. ಎರಡೂ ನೋಡಬೇಕಾದರೆ ಅರ್ಧ ದಿನ ಸಾಲುವುದಿಲ್ಲ.

ಹಂತ 3: ಪಾಸ್ ಬೇಕಾ, ಕಾರ್ಡ್ ಸಾಕಾ?

ಎಲ್ಲರೂ "ಜೆಆರ್ ಪಾಸ್ ತಗೊಳ್ಳಿ" ಅನ್ನುತ್ತಾರೆ. ನಿಗದಿತ ದಿನಗಳವರೆಗೆ ಜೆಆರ್ ರೈಲುಗಳಲ್ಲಿ ಬೇಕಾದಷ್ಟು ಓಡಾಡಲು ಬಿಡುವ ಪಾಸ್ ಅದು. ಆದರೆ ಈ ಸಲಹೆ ಹಳೆಯದು. 2023ರ ಅಕ್ಟೋಬರ್‌ನಲ್ಲಿ ಏಳು ದಿನದ ಸಾಮಾನ್ಯ ಪಾಸ್ 29,650 ಯೆನ್‌ನಿಂದ 50,000ಕ್ಕೆ ಏರಿತು. ಟೋಕಿಯೊದಿಂದ ಹಿರೋಶಿಮಾಗೆ ಒಂದು ಕಡೆಗೆ ಸುಮಾರು 20,000 ಯೆನ್. ಹೋಗಿ ಬಂದರೂ 40,000. ಅಷ್ಟಕ್ಕೇ ಪಾಸ್ ತೆಗೆದುಕೊಂಡರೆ ನಷ್ಟ. ಕನ್ಸಾಯಿ-ಹಿರೋಶಿಮಾ ಥರದ, ಒಂದು ಭಾಗಕ್ಕೆ ಮಾತ್ರ ಇರುವ ಪಾಸ್‌ಗಳನ್ನು ನೋಡಿ. ಅವು ಎಷ್ಟೋ ಸಲ ಉಳಿತಾಯ ಮಾಡಿಸುತ್ತವೆ.

ನಗರದೊಳಗೆ ಸುಯಿಕಾ, ಪಾಸ್ಮೋ, ಇಕೋಕಾ, ಈ ಮೂರರಲ್ಲಿ ಯಾವ ಕಾರ್ಡ್ ಇದ್ದರೂ ಸಾಕು. ಒಂದು ಊರಿನ ಕಾರ್ಡ್ ಇನ್ನೊಂದು ಊರಿನಲ್ಲೂ ನಡೆಯುತ್ತದೆ. ಜನ ತಪ್ಪು ಮಾಡುವುದು ಇಲ್ಲೇ. ಟೋಕಿಯೊದಲ್ಲಿ ಬಳಸಬಹುದು, ಕ್ಯೋಟೊದಲ್ಲೂ ಬಳಸಬಹುದು. ಆದರೆ ಟೋಕಿಯೊದಲ್ಲಿ ಟ್ಯಾಪ್ ಮಾಡಿ ಒಳಗೆ ಹೋಗಿ ಕ್ಯೋಟೊದಲ್ಲಿ ಟ್ಯಾಪ್ ಮಾಡಿ ಹೊರಗೆ ಬರಲಾಗುವುದಿಲ್ಲ. ದೂರದ ಪ್ರಯಾಣಕ್ಕೆ ಬೇರೆ ಟಿಕೆಟ್ ಬೇಕು. ಶಿಂಕಾನ್ಸೆನ್‌ಗಂತೂ ಬೇಕೇ ಬೇಕು.

ಕಾರ್ಡಿಗೆ ದುಡ್ಡು ತುಂಬಲು ಸ್ಟೇಷನ್ನಿನ ಯಂತ್ರಗಳಲ್ಲಿ ನಗದು ಕೊಡಿ. ಗರಿಷ್ಠ 20,000 ಯೆನ್ ಹಿಡಿಯುತ್ತದೆ. ಅಷ್ಟು ತುಂಬಿಸುವ ಅಗತ್ಯ ಇಲ್ಲ, 3,000 ಸಾಕು. ಫೆರಿಗೆ ಮಾತ್ರ ನಗದನ್ನೇ ನಂಬಿ.

ಹಂತ 4: ಸೂಟ್‌ಕೇಸನ್ನು ದ್ವೀಪಕ್ಕೆ ತರಬೇಡಿ

ಶಿಂಕಾನ್ಸೆನ್ ರೈಲಿನಲ್ಲಿ ಒಂದು ನಿಯಮ ಇದೆ. ಚೀಲದ ಉದ್ದ, ಅಗಲ, ಎತ್ತರ ಕೂಡಿದರೆ 160 ಸೆಂಟಿಮೀಟರ್ ದಾಟಿದರೆ, ದೊಡ್ಡ ಲಗೇಜಿಗೆ ಜಾಗ ಇರುವ ಸೀಟನ್ನೇ ಕಾಯ್ದಿರಿಸಬೇಕು. 2020ರ ಮೇ ತಿಂಗಳಿನಿಂದ ಟೋಕಿಯೊ-ಒಸಾಕಾ-ಫುಕುಒಕಾ ದಾರಿಯಲ್ಲಿ ಇದು ಜಾರಿಯಲ್ಲಿದೆ. ಸೀಟಿಗೆ ಜಾಸ್ತಿ ದುಡ್ಡಿಲ್ಲ. ಕಾಯ್ದಿರಿಸದೆ ಹತ್ತಿದರೆ 1,000 ಯೆನ್ ಕಟ್ಟಬೇಕು. ವಿಮಾನದಲ್ಲಿ ಬಿಡುವ ದೊಡ್ಡ ಸೂಟ್‌ಕೇಸ್ ಸಾಮಾನ್ಯವಾಗಿ 158 ಸೆಂಟಿಮೀಟರ್. ಗಡಿಯಲ್ಲೇ ಇರುತ್ತದೆ. ಮನೆಯಲ್ಲೇ ಚಕ್ರ ಸೇರಿಸಿ ಅಳತೆ ಮಾಡಿಕೊಳ್ಳಿ.

ಇದಕ್ಕಿಂತ ಒಳ್ಳೆಯ ದಾರಿ ತಕ್ಯೂಬಿನ್, ಅಂದರೆ ಲಗೇಜ್ ಸಾಗಿಸಿಕೊಡುವ ಕೊರಿಯರ್. ಕ್ಯೋಟೊ ಹೋಟೆಲಿನ ರಿಸೆಪ್ಷನ್‌ನಲ್ಲಿ ಸೂಟ್‌ಕೇಸ್ ಕೊಟ್ಟು, ಮುಂದಿನ ಹೋಟೆಲಿನ ವಿಳಾಸ ಬರೆಸಿ. ಸಾಮಾನ್ಯವಾಗಿ ಮರುದಿನ ಅಲ್ಲಿರುತ್ತದೆ. ದೂರ ಜಾಸ್ತಿ ಇದ್ದರೆ ಎರಡು ದಿನ. ದ್ವೀಪಕ್ಕೆ ಹೋಗುವ ಹಿಂದಿನ ಬೆಳಿಗ್ಗೆಯೇ ಕಳಿಸಿಬಿಡಿ. ಒಂದು ರಾತ್ರಿಯ ಬಟ್ಟೆ, ಔಷಧಿ, ಪಾಸ್‌ಪೋರ್ಟ್ ಬೆನ್ನ ಚೀಲದಲ್ಲಿರಲಿ. ಪಾಸ್‌ಪೋರ್ಟ್ ಯಾವತ್ತೂ ಸೂಟ್‌ಕೇಸ್‌ನಲ್ಲಿ ಬಿಡಬೇಡಿ. ವಿದೇಶಿ ಪ್ರವಾಸಿಗರು ಅದನ್ನು ಜೊತೆಯಲ್ಲೇ ಇಟ್ಟುಕೊಂಡಿರಬೇಕು ಅನ್ನುವುದು ಅಲ್ಲಿನ ಕಾನೂನು.

ಸ್ಟೇಷನ್ನಿನ ಕಾಯಿನ್ ಲಾಕರ್‌ಗಳನ್ನೇ ನೆಚ್ಚಿಕೊಳ್ಳಬೇಡಿ. ದೊಡ್ಡ ಸೈಜಿನವು ಬೆಳಿಗ್ಗೆ ಹತ್ತರೊಳಗೆ ತುಂಬಿಹೋಗಿರಬಹುದು. ಸಿಕ್ಕಿದರೆ ಲಾಕರಿನ ಫೋಟೊ, ಅಕ್ಕಪಕ್ಕದ ಫಲಕದ ಫೋಟೊ ತೆಗೆದುಕೊಳ್ಳಿ. ದೊಡ್ಡ ಸ್ಟೇಷನ್‌ನಲ್ಲಿ ನಿಮ್ಮ ಲಾಕರ್ ಎಲ್ಲಿತ್ತು ಅಂತ ಹುಡುಕುವುದೇ ಒಂದು ಕೆಲಸ.

ಹಂತ 5: ನಗರದಲ್ಲಿ ಒಂದು ದಿನ ರೂಢಿ ಮಾಡಿಕೊಳ್ಳಿ

ಇಳಿದ ಮರುದಿನವೇ ದ್ವೀಪಕ್ಕೆ ಹೊರಡಬೇಡಿ. ಬೆಂಗಳೂರಿನಿಂದ ಟೋಕಿಯೊ ಬಳಿಯ ನರಿಟಾಗೆ ನೇರ ವಿಮಾನ ಇದ್ದರೂ ಗಡಿಯಾರ ಮೂರೂವರೆ ಗಂಟೆ ಮುಂದೆ ಹೋಗಿರುತ್ತದೆ. ಅಲ್ಲಿನ ಬೆಳಿಗ್ಗೆ ಏಳು ಅಂದರೆ ನಿಮ್ಮ ದೇಹಕ್ಕೆ ಇನ್ನೂ ಮೂರೂವರೆ.

ಆ ಒಂದು ದಿನ ಮೂರು ವಿಷಯ ಕಲಿಯಿರಿ. ಮೊದಲನೆಯದು ಹೊರಬಾಗಿಲು. ಟೋಕಿಯೊದ ಶಿಂಜುಕು ಸ್ಟೇಷನ್ನಿಗೆ 200ಕ್ಕೂ ಹೆಚ್ಚು ಬಾಗಿಲುಗಳಿವೆ. ಮೆಜೆಸ್ಟಿಕ್‌ನಲ್ಲಿ ಬಸ್ ಹುಡುಕಿದ ಅನುಭವ ಇಲ್ಲಿ ಸ್ವಲ್ಪವೂ ಉಪಯೋಗಕ್ಕೆ ಬರುವುದಿಲ್ಲ. ತಪ್ಪು ಬಾಗಿಲಲ್ಲಿ ಹೊರಬಂದರೆ ಹದಿನೈದು ನಿಮಿಷ ಸುತ್ತಬೇಕು. ರೈಲು ಇಳಿಯುವ ಮುಂಚೆಯೇ ಫೋನಿನ ನಕ್ಷೆಯಲ್ಲಿ ಬಾಗಿಲಿನ ಹೆಸರು ನೋಡಿಕೊಳ್ಳಿ, ಆಮೇಲೆ ಹಳದಿ ಫಲಕಗಳನ್ನೇ ಹಿಂಬಾಲಿಸಿ. ಮಂಡಿ ನೋವಿನವರು ಜೊತೆಗಿದ್ದರೆ ಲಿಫ್ಟ್ ಇರುವ ಬಾಗಿಲು ಯಾವುದು ಅಂತ ಮೊದಲೇ ನೋಡಿ. ಎಲ್ಲ ಬಾಗಿಲಿಗೂ ಲಿಫ್ಟ್ ಇರುವುದಿಲ್ಲ.

ಎರಡನೆಯದು ರೈಲಿನ ಜಾತಿ. ಒಂದೇ ಪ್ಲಾಟ್‌ಫಾರ್ಮಿಗೆ ಎಲ್ಲ ಕಡೆ ನಿಲ್ಲುವ ರೈಲೂ ಬರುತ್ತದೆ, ನಿಮ್ಮ ಸ್ಟೇಷನ್ ಬಿಟ್ಟು ಹೋಗುವ ವೇಗದ ರೈಲೂ ಬರುತ್ತದೆ. "ಕೈಸೊಕು" ಅಂದರೆ ಕಡಿಮೆ ನಿಲುಗಡೆ. "ತೊಕ್ಕ್ಯೂ" ಅಂದರೆ ಇನ್ನೂ ವೇಗ. ಅದಕ್ಕೆ ಎಷ್ಟೋ ಕಡೆ ಬೇರೆ ಟಿಕೆಟ್ ಬೇಕು. ಸಮಯ ಸರಿ ಇದ್ದರೆ ರೈಲು ಸರಿ. 9:04 ಅಂತ ಇದ್ದರೆ 9:01ಕ್ಕೆ ಬಂದದ್ದನ್ನು ಹತ್ತಬೇಡಿ. ಬೇಗ ಬಂತು ಅನ್ನುವ ಮಾತೇ ಅಲ್ಲಿಲ್ಲ, ಅದು ಬೇರೆ ರೈಲು.

ಮೂರನೆಯದು ಬಸ್. ಕ್ಯೋಟೊದ ಸಿಟಿ ಬಸ್‌ಗಳಲ್ಲಿ ಹೆಚ್ಚಾಗಿ ಹಿಂದಿನ ಬಾಗಿಲಲ್ಲಿ ಹತ್ತಿ, ಮುಂದೆ ಇಳಿಯುವಾಗ ದುಡ್ಡು ಕೊಡಬೇಕು. ಹಳ್ಳಿ ಕಡೆಯ ಬಸ್‌ಗಳಲ್ಲಿ ಹತ್ತುವಾಗ ಒಂದು ಸಣ್ಣ ಚೀಟಿ ಎಳೆದುಕೊಳ್ಳಬೇಕು. ಅದರ ನಂಬರ್ ನೋಡಿ ಇಳಿಯುವಾಗ ಎಷ್ಟು ಕೊಡಬೇಕು ಅಂತ ಗೊತ್ತಾಗುತ್ತದೆ. ದ್ವೀಪದಲ್ಲಿ ಬಸ್ ಬಂದ ಮೇಲೆ ಇದನ್ನು ಕಲಿಯುತ್ತಾ ನಿಂತರೆ ಹಿಂದೆ ಇಡೀ ಸಾಲು ನಿಲ್ಲುತ್ತದೆ.

ರೈಲಿನೊಳಗೆ ಫೋನಿನಲ್ಲಿ ಮಾತಾಡಬೇಡಿ. ಎಸ್ಕಲೇಟರ್‌ನಲ್ಲಿ ಟೋಕಿಯೊದವರು ಎಡಕ್ಕೆ ನಿಲ್ಲುತ್ತಾರೆ, ಒಸಾಕಾದವರು ಬಲಕ್ಕೆ. ಮುಂದಿರುವವರನ್ನು ನೋಡಿ ನಿಂತರೆ ಸಾಕು. ಕ್ಯೋಟೊದ ಗಿಯೋನ್‌ನಲ್ಲಿ ಕೆಲವು ಖಾಸಗಿ ಗಲ್ಲಿಗಳಿಗೆ 2024ರಿಂದ ಪ್ರವಾಸಿಗರಿಗೆ ಪ್ರವೇಶವಿಲ್ಲ, 10,000 ಯೆನ್ ದಂಡದ ಫಲಕ ಹಾಕಿದ್ದಾರೆ. ಸಾಂಪ್ರದಾಯಿಕ ಕಲಾವಿದೆಯರಾದ ಗೇಶಾಗಳು ಕಂಡರೆ ಹಿಂದೆ ಓಡಿ ಫೋಟೊ ತೆಗೆಯುವುದು ಬೇಡ. ಅವರು ಕೆಲಸಕ್ಕೆ ಹೋಗುತ್ತಿರುವ ಹೆಣ್ಣುಮಕ್ಕಳು.

ಹಂತ 6: ಊಟವನ್ನು ನಗರದಲ್ಲೇ ಕಟ್ಟಿಕೊಳ್ಳಿ

ಸಸ್ಯಾಹಾರಿಗಳಿಗೆ ಅಡ್ಡ ಬರುವುದು ಕಣ್ಣಿಗೆ ಕಾಣುವ ಮಾಂಸ ಅಲ್ಲ, ದಾಶಿ. ನಮ್ಮಲ್ಲಿ ಸಾರಿಗೆ ಬೇಳೆಕಟ್ಟು ಹೇಗೋ ಅಲ್ಲಿ ದಾಶಿ ಹಾಗೆ. ಒಣಗಿಸಿದ ಮೀನಿನ ಚೂರುಗಳನ್ನು ನೆನೆಸಿ ತೆಗೆದ ರಸ. ಮಿಸೊ ಸೂಪ್, ನೂಡಲ್ಸ್‌ನ ರಸ, ತರಕಾರಿ ಪಲ್ಯ, ಎಲ್ಲದರಲ್ಲೂ ಇರುತ್ತದೆ. ತಕಮಾತ್ಸು ಇರುವ ಕಗಾವಾ ಪ್ರಾಂತ ಉದೋನ್‌ಗೆ, ಅಂದರೆ ದಪ್ಪ ಗೋಧಿ ನೂಡಲ್ಸ್‌ಗೆ ಹೆಸರುವಾಸಿ. ಅಲ್ಲಿನ ರಸಕ್ಕೆ ಹಾಕುವುದೂ ಸಣ್ಣ ಒಣಮೀನೇ.

"ವೆಜಿಟೇರಿಯನ್" ಅಂದರೆ ಸಾಲದು. ಮಾಂಸ ತೆಗೆದು ಮೀನಿನ ರಸ ಬಿಟ್ಟು ತಂದುಕೊಡುತ್ತಾರೆ. ಅವರ ದೃಷ್ಟಿಯಲ್ಲಿ ಅದು ತರಕಾರಿ ಊಟವೇ. ಈ ವಾಕ್ಯ ಕಲಿಯಿರಿ: "ನಿಕು ಮೊ ಸಕಾನಾ ಮೊ ತಬೆಮಾಸೆನ್", ಮಾಂಸವೂ ಮೀನೂ ತಿನ್ನುವುದಿಲ್ಲ. ಜೊತೆಗೆ "ಕತ್ಸುವೊ ದಾಶಿ ಮೊ", ಮೀನಿನ ದಾಶಿಯೂ ಬೇಡ. ಜಪಾನಿ ಲಿಪಿಯಲ್ಲಿ ಬರೆದ ಚೀಟಿ ಫೋನಿನಲ್ಲಿದ್ದರೆ ಇನ್ನೂ ಒಳ್ಳೆಯದು. ತೋರಿಸಿದಾಗ ಅವರು "ಆಗುವುದಿಲ್ಲ" ಅಂದರೆ ಬೇಸರ ಮಾಡಿಕೊಳ್ಳಬೇಡಿ. ಮುಚ್ಚಿಟ್ಟು ಬಡಿಸುವುದಕ್ಕಿಂತ ಅದು ಸಾವಿರ ಪಾಲು ಮೇಲು.

ದ್ವೀಪದಲ್ಲಿ ಇರುವುದೇ ಕೆಲವು ಊಟದಂಗಡಿ, ಅವೂ ಮಧ್ಯಾಹ್ನದ ಮೇಲೆ ಒಂದೊಂದಾಗಿ ಮುಚ್ಚುತ್ತವೆ. ಅದಕ್ಕೇ ಬುತ್ತಿ ಕಟ್ಟಿಕೊಳ್ಳಿ. ಕೊನ್ಬಿನಿಯಲ್ಲಿ, ಅಂದರೆ ಇಪ್ಪತ್ನಾಲ್ಕು ಗಂಟೆ ತೆರೆದ ಸಣ್ಣ ಅಂಗಡಿಯಲ್ಲಿ, ಬರೀ ಉಪ್ಪು ಹಾಕಿದ ಅನ್ನದ ಉಂಡೆ, ಬಾಳೆಹಣ್ಣು, ಬ್ರೆಡ್, ಮೊಸರು ಸಿಗುತ್ತದೆ. ಉಪ್ಪಿನಕಾಯಿಯ ಹಾಗಿರುವ "ಉಮೆ" ಹಾಕಿದ ಉಂಡೆಯೂ ಇರುತ್ತದೆ. ಆದರೆ ಕೆಲವಕ್ಕೆ ಮೀನಿನ ಸತ್ವ ಸೇರಿಸಿರುತ್ತಾರೆ. ಹಿಂದಿನ ಲೇಬಲ್ ಮೇಲೆ ಫೋನಿನ ಕ್ಯಾಮೆರಾ ಹಿಡಿದು ಅನುವಾದ ನೋಡಿ. ಮಿಯಾಜಿಮಾದ ಮೇಪಲ್ ಎಲೆ ಆಕಾರದ ಮೊಮಿಜಿ ಮಂಜುವಿನಲ್ಲಿ ಸಿಹಿ ಹೂರಣ ಇರುತ್ತದೆ, ಹೊರಗಿನ ಹಿಟ್ಟಿಗೆ ಮೊಟ್ಟೆ ಹಾಕುತ್ತಾರೆ.

ಊರಿನಿಂದ ಹುರಿದ ಅವಲಕ್ಕಿ, ಚಟ್ನಿಪುಡಿ, ಬಿಸಿನೀರು ಹಾಕಿದರೆ ಆಗುವ ಉಪ್ಪಿಟ್ಟಿನ ಪೊಟ್ಟಣ ತನ್ನಿ. ಹೋಟೆಲ್ ರೂಮಿನಲ್ಲಿ ಹೆಚ್ಚಾಗಿ ಕೆಟಲ್ ಇರುತ್ತದೆ. ಮನೆಯ ರೈಸ್ ಕುಕ್ಕರ್ ಬೇಡ. ಅಲ್ಲಿ ವಿದ್ಯುತ್ 100 ವೋಲ್ಟ್, ಅನ್ನ ಬೇಯುವುದೇ ಇಲ್ಲ. ಹಸಿ ಕರಿಬೇವು, ಮಾವಿನಹಣ್ಣು, ತರಕಾರಿ ಕೂಡ ತರಬೇಡಿ, ವಿಮಾನ ನಿಲ್ದಾಣದಲ್ಲಿ ತೆಗೆದಿಡುತ್ತಾರೆ. ಟೋಕಿಯೊದಲ್ಲಿ ನಮ್ಮ ಸಾಮಾನು ಬೇಕಾದರೆ ನಿಶಿ-ಕಸಾಯಿ ಕಡೆ ಹೋಗಿ. ಭಾರತೀಯ ಸಾಫ್ಟ್‌ವೇರ್ ಕುಟುಂಬಗಳು ತುಂಬಾ ಇರುವ ಜಾಗ, ಬೇಳೆ ಮಸಾಲೆ ಎಲ್ಲ ಸಿಗುತ್ತದೆ.

ಹಂತ 7: ದ್ವೀಪದ ದಿನ

ಇಳಿದ ತಕ್ಷಣ ಬಂದರಿನಲ್ಲಿ ಅಂಟಿಸಿರುವ ವಾಪಸ್ ಫೆರಿಯ ಪಟ್ಟಿಯ ಫೋಟೊ ತೆಗೆಯಿರಿ. ನೀವು ಬರೆದುಕೊಂಡ ಸಮಯದ ಜೊತೆ ಹೋಲಿಸಿ. ಋತು ಬದಲಾದಾಗ ಪಟ್ಟಿಯೂ ಬದಲಾಗಿರುತ್ತದೆ.

ಯಾವ ಬಂದರು ಅನ್ನುವುದನ್ನೂ ನೋಡಿ. ನಾವೋಶಿಮಾದಲ್ಲಿ ಪಶ್ಚಿಮಕ್ಕೆ ಮಿಯಾನೌರಾ, ಪೂರ್ವಕ್ಕೆ ಹೊನ್ಮುರಾ. ಹೊನ್ಮುರಾದಲ್ಲಿ ನಿಂತು ಮಿಯಾನೌರಾದ ಫೆರಿಗೆ ಕಾದವರು ಇದ್ದಾರೆ.

ಸೈಕಲ್ ತೆಗೆದುಕೊಳ್ಳುವುದಾದರೆ ಬ್ಯಾಟರಿ ಇರುವುದನ್ನೇ ತೆಗೆದುಕೊಳ್ಳಿ. ಗುಡ್ಡದ ಏರು ಸಾಕಷ್ಟಿದೆ. ಮ್ಯೂಸಿಯಂ, ಹೋಟೆಲ್ ಎರಡೂ ಆಗಿರುವ ಬೆನೆಸ್ಸೆ ಹೌಸ್‌ನ ಆವರಣದೊಳಗೆ ಸೈಕಲ್ ಬಿಡುವುದಿಲ್ಲ. ಹಳದಿ ಕುಂಬಳಕಾಯಿಯ ಹತ್ತಿರದಿಂದ ಚಿಚು ಕಡೆಗೆ ನಡೆಯಬೇಕು, ಇಲ್ಲವೇ ಅವರ ಉಚಿತ ಬಸ್ ಹತ್ತಬೇಕು. ಕಲಾವಿದೆ ಯಾಯೋಯಿ ಕುಸಾಮಾ ಮಾಡಿದ ಆ ಹಳದಿ ಕುಂಬಳಕಾಯಿಯ ಶಿಲ್ಪವನ್ನು 2021ರ ಆಗಸ್ಟ್‌ನ ಚಂಡಮಾರುತ ಸಮುದ್ರಕ್ಕೆ ಎಳೆದುಕೊಂಡು ಹೋಗಿತ್ತು. 2022ರಲ್ಲಿ ಮತ್ತೆ ಇಟ್ಟರು.

ಮಿಯಾಜಿಮಾದಲ್ಲಿ ಫೆರಿ ದರದ ಜೊತೆ 100 ಯೆನ್ ಪ್ರವಾಸಿ ತೆರಿಗೆ ಸೇರಿರುತ್ತದೆ. ಎರಡು ಕಂಪನಿಗಳ ಫೆರಿ ಇವೆ. ಜೆಆರ್ ಪಾಸ್ ಜೆಆರ್ ಫೆರಿಯಲ್ಲಿ ಮಾತ್ರ ನಡೆಯುತ್ತದೆ. ಪಾಸ್ ಇದ್ದರೂ ಆ 100 ಯೆನ್ ಕೊಡಬೇಕು. ಜಿಂಕೆಗಳು ಕೈಯಲ್ಲಿರುವ ಕಾಗದ, ಟಿಕೆಟ್ ಎಳೆದು ತಿನ್ನುತ್ತವೆ. ಟಿಕೆಟ್ ಜೇಬಿನೊಳಗೆ ಇಡಿ, ಅವಕ್ಕೆ ತಿನ್ನಲು ಏನೂ ಕೊಡಬೇಡಿ.

ಹಂತ 8: ಈ ಲಕ್ಷಣ ಕಂಡರೆ ಪ್ಲಾನ್ ಬದಲಿಸಿ

ಚಂಡಮಾರುತಗಳು ಹೆಚ್ಚಾಗಿ ಬರುವುದು ಆಗಸ್ಟ್, ಸೆಪ್ಟೆಂಬರ್‌ನಲ್ಲಿ. ಬರುವ ಎರಡು ದಿನ ಮುಂಚೆಯೇ ಹವಾಮಾನ ವರದಿಯಲ್ಲಿ ಗೊತ್ತಾಗುತ್ತದೆ. ನಗರದಲ್ಲಿ ಬಿಸಿಲಿದ್ದರೂ ಅಲೆ ಎದ್ದಿದ್ದರೆ ಫೆರಿ ನಿಲ್ಲಿಸುತ್ತಾರೆ. "ಕೆಕ್ಕೋ" ಅಂದರೆ ಫೆರಿ ರದ್ದು. ಕೌಂಟರ್‌ನಲ್ಲಿ ಈ ಪದ ಕೇಳಿದರೆ ವಾದ ಬೇಡ, ಟಿಕೆಟ್ ಹಣ ವಾಪಸ್ ಕೇಳಿ. ದೊಡ್ಡ ಚಂಡಮಾರುತ ಬಂದರೆ ರೈಲುಗಳನ್ನೂ ಮೊದಲೇ ಹೇಳಿ ನಿಲ್ಲಿಸುತ್ತಾರೆ.

ದ್ವೀಪದಲ್ಲಿದ್ದಾಗಲೇ ಗಾಳಿ ಜೋರಾದರೆ, ನೋಡಬೇಕಾದ್ದು ಬಾಕಿ ಇದ್ದರೂ ಮುಂದಿನ ಫೆರಿಗೇ ಹತ್ತಿ. ಇನ್ನೊಂದು ಲಕ್ಷಣ, ವಾಪಸ್ ಫೆರಿಗೆ ಒಂದು ಗಂಟೆ ಮುಂಚೆಯೇ ಸಾಲು ಬೆಳೆಯುವುದು. ಫೆರಿ ತುಂಬಿದರೆ ನಿಮ್ಮನ್ನು ಬಿಟ್ಟೇ ಹೋಗುತ್ತದೆ. ಮೂರು ವರ್ಷಕ್ಕೊಮ್ಮೆ ನಡೆಯುವ ಸೆಟೊಉಚಿ ಕಲಾ ಉತ್ಸವದ ದಿನಗಳಲ್ಲಿ ಇದು ಜಾಸ್ತಿ. ಸಾಲು ಕಂಡ ಕೂಡಲೇ ಮನೆಯವರಲ್ಲಿ ಒಬ್ಬರು ಹೋಗಿ ನಿಲ್ಲಿ.

ಕೊನೆಯ ಫೆರಿ ತಪ್ಪಿಯೇ ಹೋಯಿತು ಅಂತ ಇಟ್ಟುಕೊಳ್ಳಿ. ನಾವೋಶಿಮಾದಿಂದ ತಕಮಾತ್ಸು ಫೆರಿ ಹೋಗಿದ್ದರೆ ಮೊದಲು ಊನೋ ಕಡೆಗೆ ಇನ್ನೂ ಫೆರಿ ಇದೆಯಾ ಕೇಳಿ. ಊನೋದಿಂದ ಒಕಾಯಾಮಾ, ಅಲ್ಲಿಂದ ಸೇತುವೆ ದಾಟಿ ತಕಮಾತ್ಸುಗೆ ರೈಲಿನಲ್ಲಿ ಇನ್ನೊಂದು ಗಂಟೆ. ಸುತ್ತು ದಾರಿ, ಆದರೆ ರಾತ್ರಿ ನಿಮ್ಮ ಹಾಸಿಗೆಗೆ ತಲುಪುತ್ತೀರಿ. ಅದೂ ಇಲ್ಲದಿದ್ದರೆ ಬಂದರಿನ ಸಿಬ್ಬಂದಿ ಮನೆಗೆ ಹೊರಡುವ ಮುಂಚೆ ಅವರ ಹತ್ತಿರ "ಮಿನ್ಶುಕು" ಅಂತ ಕೇಳಿ. ಊರಿನವರು ತಮ್ಮ ಮನೆಯಲ್ಲೇ ನಡೆಸುವ ಸಣ್ಣ ವಸತಿ ಅದು. ರೂಮು ಗೊತ್ತಾದ ಮೇಲೆ ತಕಮಾತ್ಸುವಿನ ಹೋಟೆಲಿಗೆ ಫೋನ್ ಮಾಡಿ ಇವತ್ತು ಬರುವುದಿಲ್ಲ ಅಂತ ತಿಳಿಸಿ. ಇಲ್ಲದಿದ್ದರೆ ಅವರು ಮುಂದಿನ ರಾತ್ರಿಗಳ ಬುಕಿಂಗನ್ನೂ ರದ್ದು ಮಾಡಿಬಿಡಬಹುದು.